ಮೊದಲ ಚಿಪ್ಪು ಯಾರಿಗೆ

ನಾನು ಕೇಳಿದ್ದು ಒಂದು ಹಿಡಿ ಬೇರು. ಊರಿನಿಂದ ಬಂದದ್ದು ಹದಿನೆಂಟು ಕಿಲೋ.

ಹಡಗುಕಟ್ಟೆಯಿಂದ ಯಾರೋ ಪುಣ್ಯಾತ್ಮರು ಅದನ್ನು ಹೊತ್ತು ತಂದು ವನುವಾತುವಿನ ರಾಜಧಾನಿ ಪೋರ್ಟ್ ವಿಲಾದ ನಮ್ಮ ಸರ್ಕಾರಿ ಪ್ರಯೋಗಾಲಯದ ಬಾಗಿಲಲ್ಲಿ ಇಳಿಸಿ ಹೋಗಿದ್ದರು. ತೆಂಗಿನ ಗರಿಯಲ್ಲಿ ಹೆಣೆದ ಬುಟ್ಟಿ, ಸುತ್ತ ಕೆಂಪು ಎಲೆಗಳ ಅಲಂಕಾರ, ಒಳಗೆ ಮಗುವಿನಷ್ಟು ದೊಡ್ಡ ಕಾವಾ ಬುಡ, ಬೇರನ್ನು ಅರೆದು ನೀರಿನಲ್ಲಿ ಕಲಸಿ ನಾವು ಸಂಜೆ ಹೊತ್ತು ಕುಡಿಯುವ, ಮನಸ್ಸು ತಣಿಸುವ ಗಿಡದ್ದು. ಬೇರಿನ ಎಳೆ ಎಳೆಯನ್ನೂ ತೊಳೆದು ಮಣ್ಣು ತೆಗೆದಿದ್ದರು. ಮೇಲೆ ಸಿಕ್ಕಿಸಿದ ರಟ್ಟಿನ ಚೂರಿನಲ್ಲಿ ಇದ್ದಿಲಿನಿಂದ ಬರೆದಿತ್ತು: ಸೈಲಸ್ ತಾಬಿ, ಲೊಂಬಾನಿ.

ಸೈಲಸ್ ನನ್ನ ಸೋದರಮಾವ, ಲೊಂಬಾನಿ ನನ್ನ ಊರು.

ನನ್ನ ಜೊತೆ ಕೆಲಸ ಮಾಡುವ ಲೇಮಾರಾ ಬುಟ್ಟಿಯ ಸುತ್ತ ಒಂದು ಸುತ್ತು ಬಂದಳು. "ಪ್ಯಾಟಿಸನ್, ನಿಮ್ಮೂರಿನವರು ಇದನ್ನ ಪರೀಕ್ಷೆಗೆ ಕಳ್ಸಿದಾರೋ, ಹೆಣ್ಣು ಕೇಳೋಕೆ ಕಳ್ಸಿದಾರೋ?"

"ಪರೀಕ್ಷೆಗೆ."

"ಹೆಣ್ಣು ಕೇಳೋಕಾದ್ರೆ ಜೊತೆಗೆ ಕೊಡೋ ಹಂದಿ ಎಲ್ಲಿ ಅಂತ ಕೇಳೋಣ ಅಂದ್ಕೊಂಡೆ."

"ಮುಂದಿನ ಹಡಗಲ್ಲಿ ಬರುತ್ತೆ."

ಅವಳು ನಕ್ಕಳು. ನನಗೂ ಸಂತೋಷವೇ ಆಗಿತ್ತು. ಬುಟ್ಟಿಯಿಂದ ನಮ್ಮೂರಿನ ಮಣ್ಣಿನ ವಾಸನೆ ಬರುತ್ತಿತ್ತು. ಎಷ್ಟು ತೊಳೆದರೂ ಅದು ಹೋಗುವುದಿಲ್ಲ.

ಹಿಂದಿನ ವರ್ಷದ ಚಂಡಮಾರುತದಲ್ಲಿ ಲೊಂಬಾನಿಯ ಕಾವಾ ತೋಟಗಳೆಲ್ಲ ನೆಲ ಕಚ್ಚಿದ್ದವು. ಉಳಿದದ್ದು ಮಾವನ ತೋಟ ಒಂದೇ, ಅದೂ ಗುಡ್ಡದ ಸಂದಿನಲ್ಲಿ ಇದ್ದದ್ದರಿಂದ. ಅಲ್ಲಿರುವ ಗಿಡಗಳನ್ನು ಊರವರು ಅಜ್ಜನ ಕಾವಾ ಅನ್ನುತ್ತಾರೆ, ಅಮ್ಮನ ಅಪ್ಪ ನೆಟ್ಟದ್ದು ಅಂತ. ಈ ಮಳೆಗಾಲಕ್ಕೆ ಹನ್ನೆರಡು ಮನೆಯವರೂ ಅದರ ಕಡ್ಡಿಗಳನ್ನೇ ಕಡಿದು ನೆಡುವುದು ಎಂದು ನಿರ್ಧಾರವಾಗಿತ್ತು. ಕಾವಾ ಬಲಿಯಲು ನಾಲ್ಕೈದು ವರ್ಷ ಬೇಕು. ತಪ್ಪು ಗಿಡ ನೆಟ್ಟರೆ ನಾಲ್ಕೈದು ವರ್ಷ ಆದ ಮೇಲೇ ಅಳಬೇಕು. ಹಾಗಾಗಿ ನೆಡುವ ಮುಂಚೆ ಅದರ ಕೀಮೋಟೈಪ್ ಏನೆಂದು ನೋಡಿ ಹೇಳು ಎಂದು ಊರಿನ ಪರವಾಗಿ ನನಗೆ ಫೋನು ಬಂದಿತ್ತು. ಆ ಪದವನ್ನು ಊರಿಗೆ ಬಂದಿದ್ದ ಕೃಷಿ ಅಧಿಕಾರಿಯ ಬಾಯಿಂದ ಕೇಳಿದ್ದರು. ಅದು ಒಂಥರಾ ಲಸಿಕೆ ಇರಬೇಕು ಅಂತ ಅರ್ಧ ಊರು ನಂಬಿತ್ತು.

ಬೇರನ್ನು ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಸಣ್ಣ ಗಾಜಿನ ಕೊಳವೆಯಲ್ಲಿ ಹಾಕಿ ಅಸಿಟೋನ್ ಸುರಿದೆ. ಒಳ್ಳೆಯ ಕಾವಾ ಆಗಿದ್ದರೆ ಮೇಲಿನ ದ್ರವ ಹಳದಿಯಾಗಬೇಕು.

ಕೆಂಪಾಯಿತು. ಅಡಿಕೆ ಎಲೆ ಜಗಿದು ಉಗಿದ ಹಾಗೇನೂ ಅಲ್ಲ, ಆದರೆ ಹಳದಿ ಎಂದು ಯಾರೂ ಹೇಳಲಾರದಂಥ ಕಿತ್ತಳೆಗೆಂಪು.

ಲೇಮಾರಾ ನನ್ನ ಹೆಗಲ ಮೇಲಿಂದ ನೋಡಿದಳು. ತಮಾಷೆ ಮಾಡಲಿಲ್ಲ. ಅದರಿಂದಲೇ ವಿಷಯ ಸಣ್ಣದಲ್ಲ ಅಂತ ನನಗೆ ಗೊತ್ತಾಯಿತು.

ಬಣ್ಣ ಬರುವುದು ಬೇರೆ ಪದಾರ್ಥದಿಂದ, ಅದು ಸುಳಿವು ಮಾತ್ರ. ಎರಡು ದಿನ ಯಂತ್ರದಲ್ಲಿ ಓಡಿಸಿದೆವು. ಕೀಮೋಟೈಪ್ ಸಂಖ್ಯೆ ಬಂತು: 256431. ಎರಡು ಮೊದಲು, ಐದು ಅದರ ಹಿಂದೆ. ನಮ್ಮ ದ್ವೀಪಗಳಲ್ಲಿ ಅದಕ್ಕೆ ಎರಡು ದಿನದ ಕಾವಾ ಅನ್ನುತ್ತಾರೆ. ಕುಡಿದವನು ಎರಡು ದಿನ ಏಳುವುದಿಲ್ಲ, ಎದ್ದ ಮೇಲೂ ತಲೆ ಸುತ್ತುತ್ತದೆ. ಅದನ್ನು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಊರೊಳಗೂ ಅತಿಥಿಗೆ ಕೊಡುವುದಿಲ್ಲ.

ಫೋನಿನಲ್ಲಿ ಹೇಳಿಬಿಡಬಹುದಿತ್ತು. ಬೆರಳು ಎರಡು ಸಲ ಅಮ್ಮನ ನಂಬರಿನ ಮೇಲೆ ಹೋಯಿತು. ಆದರೆ ಇದು ಅಜ್ಜನ ಹೆಸರು ಹೊತ್ತ ಗಿಡ. ಐವತ್ತು ವರ್ಷ ಊರಿನವರು ಅದನ್ನು ಅರೆದು ಕುಡಿದಿದ್ದಾರೆ. ಇದು ಎರಡು ದಿನದ ಕಾವಾ ಅಂತ ಹೇಳಿದರೆ ಅಜ್ಜನನ್ನು ಸಮಾಧಿಯಿಂದ ಎಬ್ಬಿಸಿ ಬೈದ ಹಾಗೆ. ಮಾವ ತಲೆ ಎತ್ತಿ ಊರಲ್ಲಿ ನಡೆಯುವುದಾದರೂ ಹೇಗೆ? ಮುಖ ನೋಡಿಕೊಂಡೇ ಹೇಳಬೇಕಾದ ಮಾತು ಇದು. ರಜೆ ಹಾಕಿ ಮಂಗಳವಾರದ ಸಣ್ಣ ವಿಮಾನ ಹತ್ತಿದೆ.

*

ನಮ್ಮ ದ್ವೀಪದ ಸಾರಾದಲ್ಲಿ, ವಿಮಾನ ಇಳಿಯುವ ಹುಲ್ಲಿನ ಮೈದಾನದಲ್ಲಿ ಇಳಿದಾಗ ಅಪ್ಪ ನಿಂತಿದ್ದ. ಅವನ ಹೆಸರು ಫಿಲೆಮನ್. ದ್ವೀಪದ ದಕ್ಷಿಣದ ತುದಿಯವನು, ಮದುವೆಯಾಗಿ ಲೊಂಬಾನಿಗೆ ಬಂದವನು. ಮೂವತ್ತು ವರ್ಷವಾದರೂ ಊರವರು ಇನ್ನೂ "ಆ ಕಡೆಯವನು" ಅನ್ನುತ್ತಾರೆ. ಅವನೂ ನಗುತ್ತಾನೆ.

"ಬಂತಾ ಬೇರು?" ಅಂದ, ನನ್ನ ಚೀಲ ಕಿತ್ತುಕೊಳ್ಳುತ್ತಾ.

"ಬಂತಪ್ಪ."

"ಹೆಂಗಿತ್ತು?"

"ದೊಡ್ಡದಿತ್ತು."

ಅಪ್ಪನ ಮುಖ ಅರಳಿತು. ದಾರಿಯುದ್ದಕ್ಕೂ ಹುಂಜದ ಹಾಗೆ ಕತ್ತೆತ್ತಿ ನಡೆದ. ನನಗೆ ಆಗ ಯಾಕೆ ಅಂತ ಹೊಳೆಯಲಿಲ್ಲ. ಮಗ ಬಂದದ್ದಕ್ಕೆ ಅಂದುಕೊಂಡೆ.

ಸಂಜೆ ಗಂಡಸರ ಮನೆಯಲ್ಲಿ, ಅಂದರೆ ನಕಮಾಲಿನಲ್ಲಿ, ಮಾವ ತಮ್ಮ ಕೈಯಾರೆ ಹವಳದ ಕಲ್ಲಿನಿಂದ ಕಾವಾ ಅರೆಯುತ್ತಿದ್ದರು. ಬಾಗಿದ ಬೆನ್ನು, ತಿರುಗುವ ಮಣಿಕಟ್ಟು. ಅರವತ್ತೆಂಟು ವರ್ಷದ ಮನುಷ್ಯ, ಇವತ್ತಿಗೂ ತನಗಿಂತ ಚಿಕ್ಕವರಿಗೆ ಅರೆಯಲು ಬಿಡುವುದಿಲ್ಲ, ಅವರು ಒರಟಾಗಿ ಅರೆಯುತ್ತಾರೆ ಅಂತ.

"ಮಾವ, ಒಂದು ಮಾತಿತ್ತು."

"ಮಾತು ಬೆಳಿಗ್ಗೆಗೂ ಇರುತ್ತೆ ಕಣೋ. ಕಾವಾ ಇರಲ್ಲ. ಕುಡಿ."

ಊರಿಗೆ ಬಂದವನು ಎಂದು, ತೆಂಗಿನ ಚಿಪ್ಪಿನಲ್ಲಿ ತುಂಬಿದ ಕಾವಾದ ಮೊದಲ ಚಿಪ್ಪು ನನಗೇ ಕೊಟ್ಟರು. ಆಮೇಲೆ ಮುಖ್ಯಸ್ಥರಿಗೆ, ಆಮೇಲೆ ಅಪ್ಪನಿಗೆ, ಕೊನೆಗೆ ತಾವು. ಕುಡಿದು, ಉಗಿದು, ಒಂದು ತುಂಡು ಗೆಡ್ಡೆ ಬಾಯಿಗೆ ಹಾಕಿಕೊಂಡು ಎಲ್ಲರೂ ಗೋಡೆಗೆ ಒರಗಿದರು. ಆಮೇಲೆ ಮಾತಿಲ್ಲ. ಕಾವಾ ಕುಡಿದ ಮೇಲೆ ಮಾತಾಡುವವನನ್ನು ನಮ್ಮಲ್ಲಿ ಹುಡುಗಾಟಿಕೆಯವನು ಅನ್ನುತ್ತಾರೆ. ಅದು ಕೇಳಿಸಿಕೊಳ್ಳುವ ಹೊತ್ತು.

ಫಿಜಿಯ ಸೂವಾದಲ್ಲಿ ನಾಲ್ಕು ವರ್ಷ ರಸಾಯನಶಾಸ್ತ್ರ ಓದಿದಾಗ ನನಗೆ ಸಿಗದೆ ಹೋದದ್ದು ಇದೊಂದೇ. ಅಲ್ಲಿ ಸುಮ್ಮನಿದ್ದರೆ ಮೈ ಹುಷಾರಿಲ್ಲವಾ ಅಂತ ಕೇಳುತ್ತಿದ್ದರು. ಇಲ್ಲಿ ಹದಿನೈದು ಜನ ಒಟ್ಟಿಗೆ ಸುಮ್ಮನಿರುತ್ತಾರೆ, ಅದರಲ್ಲಿ ಒಬ್ಬನ ಮೌನ ಇನ್ನೊಬ್ಬನದಕ್ಕೆ ತಾಗಿಕೊಂಡು ಬೆಚ್ಚಗಿರುತ್ತದೆ. ಅವತ್ತು ಮಾತ್ರ ನನ್ನದು ಬೆಚ್ಚಗಿರಲಿಲ್ಲ. ಹೇಳದೆ ಬಚ್ಚಿಟ್ಟ ಸಂಖ್ಯೆಯೊಂದು ಎದೆಯಲ್ಲಿ ಕೂತಿತ್ತು.

ಒಂದು ವಿಷಯ ಮಾತ್ರ ವಿಚಿತ್ರವೆನಿಸಿತು. ಬಾಯಲ್ಲಿದ್ದ ರುಚಿ ಕಹಿಯಾಗಿದ್ದರೂ ಹಗುರವಾಗಿತ್ತು. ಮನಸ್ಸು ನಿಧಾನಕ್ಕೆ ತಿಳಿಯಾಯಿತು, ಕಾಲು ತಡವರಿಸಲಿಲ್ಲ. ಎರಡು ದಿನದ ಕಾವಾ ಹೀಗಿರುವುದಿಲ್ಲ. ಪ್ರೀತಿಯಿಂದ ಕೊಟ್ಟದ್ದು ಹೀಗೇ ಇರುತ್ತದೆ ಎಂದುಕೊಂಡು, ಅದನ್ನು ಯೋಚಿಸುವುದನ್ನು ಬಿಟ್ಟೆ. ಓದಿದವನು ಯಂತ್ರವನ್ನು ನಂಬಿ ನಾಲಿಗೆಯನ್ನು ಬಿಡುವುದು ಎಷ್ಟು ಸುಲಭ.

*

ಬೆಳಿಗ್ಗೆ ಮಾವನ ತೋಟಕ್ಕೆ ಹೋದೆ. ಅಜ್ಜನ ಕಾವಾ ತಲೆಗಿಂತ ಎತ್ತರ ಬೆಳೆದು, ಹೃದಯದ ಆಕಾರದ ಎಲೆಗಳು ಗಾಳಿಗೆ ಅಲ್ಲಾಡುತ್ತಿದ್ದವು. ಮಾವ ಬಿದ್ದ ಮರದ ದಿಮ್ಮಿಯ ಮೇಲೆ ಕೂತು ಕತ್ತಿ ಮಸೆಯುತ್ತಿದ್ದರು, ಸೋಮವಾರ ಕಡ್ಡಿ ಕಡಿಯಬೇಕಲ್ಲ.

"ಈಗ ಹೇಳು. ಆ ಕೀಮೋ ಏನದು, ಬಂತಾ?"

"ಬಂತು ಮಾವ. ಮೊದಲು ಅದೇನು ಅಂತ ಹೇಳ್ತೀನಿ. ಆಮೇಲೆ ಏನು ಬಂತು ಅಂತ."

"ಕೆಟ್ಟ ಸುದ್ದಿ ಇದ್ದಾಗ ಪಾದ್ರಿನೂ ಹಿಂಗೇ ಶುರುಮಾಡೋದು. ಹೇಳು."

ಅಲ್ಲಿ ಬಿದ್ದಿದ್ದ ಆರು ತೆಂಗಿನ ಚಿಪ್ಪುಗಳನ್ನು ಆಯ್ದು ದಿಮ್ಮಿಯ ಮೇಲೆ ಸಾಲಾಗಿ ಇಟ್ಟೆ. ಒಂದೊಂದರ ಮೇಲೂ ಇದ್ದಿಲಿನಿಂದ ಒಂದರಿಂದ ಆರರವರೆಗೆ ಬರೆದೆ.

"ಕಾವಾ ಬೇರಲ್ಲಿ ಕೆಲಸ ಮಾಡೋರು ಮುಖ್ಯವಾಗಿ ಆರು ಜನ. ವಿಜ್ಞಾನಿಗಳು ಅವರಿಗೆ ಒಂದೊಂದು ಅಂಕಿ ಇಟ್ಟಿದಾರೆ. ಯಾವ ಕಾವಾ ತಗೊಂಡ್ರೂ ಈ ಆರೂ ಜನ ಇರ್ತಾರೆ. ವನುವಾತು, ಫಿಜಿ, ಟೊಂಗಾ, ಎಲ್ಲಾ ಕಡೆ ಅದೇ ಆರು."

"ಹಂಗಾದ್ರೆ ಎಲ್ಲಾ ಕಾವಾನೂ ಒಂದೇ ಅಲ್ವೇನೋ?"

"ಇಲ್ಲ. ಸಾಲು ಬೇರೆ. ಯಾರು ಹೆಚ್ಚಿದಾರೋ ಅವರು ಮೊದಲು, ಅವರಿಗಿಂತ ಕಡಿಮೆ ಇರೋರು ಆಮೇಲೆ, ಹಂಗೆ ಆರನೆಯವರ ತನಕ. ಆ ಸಾಲನ್ನ ಬರೆದ್ರೆ ಅದೇ ಕೀಮೋಟೈಪು. ಅಷ್ಟೇ ಅದು. ಎಷ್ಟು ಜೋರು ಅಂತ ಅಲ್ಲ. ಒಂದು ಬುಡ ದೊಡ್ಡದಿರ್ಲಿ ಚಿಕ್ಕದಿರ್ಲಿ, ಸಾಲು ಅದೇ."

ಮಾವ ಕತ್ತಿ ಕೆಳಗಿಟ್ಟರು. ಚಿಪ್ಪುಗಳನ್ನು ತುಂಬ ಹೊತ್ತು ನೋಡಿದರು. ಅವರ ಮೌನ ಹೇಗಿರುತ್ತದೆಂದರೆ, ಅದರೊಳಗೆ ಯಾರೋ ಕಲ್ಲುಗೋಡೆ ಕಟ್ಟುತ್ತಿರುವ ಹಾಗೆ. ಒಂದೊಂದೇ ಕಲ್ಲು, ಆತುರವಿಲ್ಲ.

"ನಕಮಾಲ್ ಥರ," ಅಂದರು ಕೊನೆಗೆ. "ಎಲ್ಲಾ ನಕಮಾಲಲ್ಲೂ ಮುಖ್ಯಸ್ಥ ಇರ್ತಾನೆ, ಜಗಳಗಂಟ ಇರ್ತಾನೆ, ಕಥೆ ಹೇಳೋನಿರ್ತಾನೆ, ನಿದ್ದೆಬುರುಕ ಇರ್ತಾನೆ. ಮೊದಲ ಚಿಪ್ಪು ಯಾರಿಗೆ ಕೊಡ್ತಾರೆ ಅನ್ನೋದರ ಮೇಲೆ ಆ ಸಂಜೆ ಹೆಂಗೆ ಕಳೆಯುತ್ತೆ ಅಂತ ಗೊತ್ತಾಗುತ್ತೆ. ಜಗಳಗಂಟನಿಗೆ ಮೊದಲು ಕೊಟ್ರೆ ಮುಗೀತು."

ಇದನ್ನು ನಾನು ಸೂವಾದಲ್ಲಿ ಒಂದು ಇಡೀ ಪಾಠದಲ್ಲಿ ಕಲಿತಿದ್ದೆ. ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

"ಹೂಂ ಮಾವ. ಹಂಗೇ. ನಾಲ್ಕು ಅನ್ನೋನು ಇದಾನಲ್ಲ, ಅವನು ಒಳ್ಳೇ ಮುಖ್ಯಸ್ಥ. ಬೇಗ ಬರ್ತಾನೆ, ಮನಸ್ಸು ಹಗುರ ಮಾಡ್ತಾನೆ, ಬೇಗ ಹೊರಡ್ತಾನೆ. ನಾಲ್ಕು ಎರಡು ಮುಂದೆ ಕೂತ್ರೆ ಒಳ್ಳೇ ಕಾವಾ. ಎರಡು ಮುಂದೆ ಬಂದು ಅವನ ಪಕ್ಕ ಐದು ಕೂತ್ಕೊಂಡ್ರೆ..."

"ಐದು ಯಾರು, ನಿದ್ದೆಬುರುಕನಾ?"

"ಹೋಗಪ್ಪಾ ಅಂದ್ರೂ ಹೋಗದೇ ಇರೋನು."

"ನಿಮ್ಮಪ್ಪನ ಥರ ಅನ್ನು." ಮಾವ ನಕ್ಕರು. "ಸರಿ, ಅಂದ್ರೆ ಕೆಟ್ಟವರು ಅಂತ ಯಾರೂ ಇಲ್ಲ. ಕೂತಿರೋ ಸಾಲು ಸರಿ ಇಲ್ಲ ಅಷ್ಟೇ."

"ಅಷ್ಟೇ. ಇನ್ನೊಂದು ವಿಷಯ. ನಾವು ಕಡ್ಡಿ ನೆಡೋದಲ್ವಾ, ಬೀಜ ಅಲ್ಲ. ಹಂಗಾಗಿ ಸಾಲು ಬದಲಾಗಲ್ಲ. ಅಜ್ಜ ನೆಟ್ಟ ಗಿಡದ ಮಗು ಅಲ್ಲ ಇದು, ಮೊಮ್ಮಗು ಅಲ್ಲ. ಅದೇ ಗಿಡ. ಅಜ್ಜ ಕೈಯಿಟ್ಟ ಅದೇ ಗಿಡ."

ಕೀಮೋಟೈಪ್ ಎಂಬ ಪದ ಬಳಸುವ ಎಲ್ಲ ಕಡೆ ಇದೊಂದು ಮಾತು ಬಿಟ್ಟುಹೋಗುತ್ತದೆ. ಪುಸ್ತಕದಲ್ಲಿ ಆರಂಕಿ ಇರುತ್ತದೆ, ತಲೆಮಾರು ತಲೆಮಾರಾಗಿ ಆ ಆರಂಕಿಯನ್ನು ಕತ್ತರಿಸಿ ನೆಟ್ಟುಕೊಂಡು ಬಂದ ಕೈಗಳು ಇರುವುದಿಲ್ಲ.

ಮಾವ ಎದ್ದು ಹೋಗಿ ಒಂದು ಗಿಡದ ಗೆಣ್ಣನ್ನು ಮುಟ್ಟಿದರು. ಇನ್ನು ತಡಮಾಡಿದರೆ ನನ್ನಿಂದ ಆಗುವುದಿಲ್ಲ ಅನ್ನಿಸಿತು.

"ಮಾವ, ನೀವು ಕಳ್ಸಿದ ಬೇರಲ್ಲಿ ಎರಡು ಮೊದಲು. ಐದು ಎರಡನೇದು."

ಅವರು ಬೆನ್ನು ಮಾಡಿಯೇ ನಿಂತಿದ್ದರು. ದೂರದಲ್ಲಿ ಹೆಂಗಸರು ಹೊಳೆಯಲ್ಲಿ ಬಟ್ಟೆ ಬಡಿಯುವ ಸದ್ದು.

"ಯಾವ ಬೇರಲ್ಲಿ?"

"ನೀವು ಕಳ್ಸಿದ್ರಲ್ಲ, ಬುಟ್ಟಿಯಲ್ಲಿ."

ಮಾವ ತಿರುಗಿದರು. ಅವರ ಮುಖದಲ್ಲಿ ನೋವಿರಲಿಲ್ಲ. ಗಲಿಬಿಲಿ ಇತ್ತು.

"ಅದು ನಂದಲ್ಲವಲ್ಲೋ. ಅದು ನಿಮ್ಮಪ್ಪಂದು."

*

ಆದದ್ದು ಇಷ್ಟು. ಒಂದು ಹಿಡಿ ಬೇರು ಬೇಕೆಂದು ನಾನು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆ. ಅಮ್ಮ ಮಾವನಿಗೆ ನೇರವಾಗಿ ಹೇಳುವ ಹಾಗಿಲ್ಲ. ನಮ್ಮಲ್ಲಿ ದೊಡ್ಡವರಾದ ಮೇಲೆ ಅಣ್ಣತಂಗಿ ಎದುರುಬದುರು ಮಾತಾಡುವುದಿಲ್ಲ, ಅದು ಮರ್ಯಾದೆ. ಅಮ್ಮ ಅಪ್ಪನಿಗೆ ಹೇಳಿದಳು. ಅಪ್ಪ ಮಾವನ ಮನೆಗೆ ಹೋಗಿ, "ಭಾವ, ಪ್ಯಾಟಿಸನ್ ಸರ್ಕಾರಕ್ಕೆ ಅಂತ ಒಂದು ಬೇರು ಕೇಳಿದಾನೆ" ಅಂದ. ಒಂದು ಹಿಡಿ ಅನ್ನುವುದು ದಾರಿಯಲ್ಲೆಲ್ಲೋ ಉದುರಿಹೋಯಿತು.

"ಕೇಳೋಕೆ ಬಂದಿರೋದು ಯಾರು?" ಅಂದರು ಮಾವ, ನಾವು ಇಳಿಜಾರಿನಲ್ಲಿ ಮನೆ ಕಡೆ ಬರುತ್ತಿದ್ದಾಗ. "ಭಾವ. ಅವರು ಬಾಯಿಬಿಟ್ಟು ಕೇಳಿದಾಗ ಅವರ ಗಿಡ ಬಿಟ್ಟು ನಂದನ್ನ ಮುಂದೆ ಇಡೋದಾ? ಸರ್ಕಾರದ ಎದುರಿಗೆ? ನಮ್ಮಪ್ಪ ನನಗೆ ಹಂಗೆ ಕಲಿಸಿಲ್ಲ. ಊರಲ್ಲಿ ದೊಡ್ಡ ಬುಡ ಭಾವಂದೇ ಇತ್ತು, ಅದನ್ನೇ ಕೊಡಿ ಅಂದೆ."

"ನಿಮ್ಮ ಹೆಸರು ಬರ್ದಿತ್ತಲ್ಲ ಮಾವ."

"ಹೊತ್ಕೊಂಡು ಹಡಗಿಗೆ ಹಾಕ್ದೋನು ನಾನು. ಕಳಿಸಿದವರ ಹೆಸರು ಬರೀರಿ ಅಂದ ಹಡಗಿನವ, ಬರೆದೆ."

ನನಗೆ ನಗು ಬಂತು, ತಡೆಯಲಾಗಲಿಲ್ಲ. ಮಾವನೂ ನಕ್ಕರು. ಆದರೆ ಅರ್ಧ ದಾರಿಯಲ್ಲಿ ಇಬ್ಬರ ನಗುವೂ ನಿಂತುಹೋಯಿತು. ಅಪ್ಪನಿಗೆ ಹೇಳಬೇಕಿತ್ತಲ್ಲ. ಅಜ್ಜನ ಕಾವಾ ಇನ್ನೂ ಪರೀಕ್ಷೆಯಾಗಿಯೇ ಇರಲಿಲ್ಲ, ಅದೂ ಹೀಗೇ ಬಂದರೆ? ಅದಕ್ಕಿಂತ ಹೆಚ್ಚಾಗಿ, ಅಪ್ಪ ಆ ದೊಡ್ಡ ಬುಡದ ಕಡ್ಡಿಗಳನ್ನು ಆಗಲೇ ಹೊಳೆ ದಂಡೆಯಲ್ಲಿ ನಲವತ್ತು ಕಡೆ ನೆಟ್ಟಿದ್ದ, ಬೇಗ ಬೆಳೆಯುತ್ತೆ, ಊರವರಿಗೆಲ್ಲ ನಾನೂ ಕೊಡ್ತೀನಿ ಅಂತ.

ಅಪ್ಪ ಜಗಲಿಯಲ್ಲಿ, ಎಲೆಯಲ್ಲಿ ಸುತ್ತಿ ಬೇಯಿಸುವ ಲಾಪ್‌ಲಾಪ್‌ಗೆ ಗೆಣಸು ತುರಿಯುತ್ತಿದ್ದ. ಅಮ್ಮ ಒಳಗೆ ಅಡುಗೆಮನೆಯಲ್ಲಿದ್ದಳು, ಮಾವ ಬಂದದ್ದು ಕಂಡು ಬಾಗಿಲಿನ ಹಿಂದೆ ಸರಿದಳು. ಮಾವ ಮಾವಿನ ಮರದ ಕೆಳಗೆ ಕೂತರು. ನಾನು ನಡುವೆ.

ಹೇಳಿದೆ. ಚಿಪ್ಪುಗಳ ಲೆಕ್ಕ ಮತ್ತೊಮ್ಮೆ ಹೇಳಿದೆ. ಅಪ್ಪ ತುರಿಯುವುದನ್ನು ನಿಲ್ಲಿಸಲಿಲ್ಲ. ಗೆಣಸು ಮುಗಿದ ಮೇಲೂ ಕೈ ಒಂದೆರಡು ಸಲ ಖಾಲಿ ತುರಿಯಿತು.

ಒಳಗಿನಿಂದ ಅಮ್ಮನ ದನಿ ಬಂತು. "ಪ್ಯಾಟಿಸನ್, ನಿಮ್ಮಪ್ಪಂಗೆ ಕೇಳು, ಹೋದ ತಿಂಗಳು ಶುಕ್ರವಾರ ಮಲಗಿ ಭಾನುವಾರ ಸಂಜೆ ಎದ್ದಿದ್ರಲ್ಲ, ಬೆನ್ನುನೋವು ಅಂತ. ಆ ಬೆನ್ನುನೋವು ಎಷ್ಟನೇ ಅಂಕಿ ಅಂತ ಕೇಳು."

"ಬೆನ್ನು ನಿಜವಾಗ್ಲೂ ನೋವಿತ್ತು," ಅಂದ ಅಪ್ಪ.

"ಬೇಲಿ ಅರ್ಧಕ್ಕೇ ನಿಂತಿದೆ. ಹಂದಿ ಎಲ್ಲಾ ಗೆಣಸು ತಿಂದ್ವು. ಚರ್ಚಿಗೆ ನಾನೊಬ್ಳೇ ಹೋದೆ, ಗಂಡ ಎಲ್ಲಿ ಅಂತ ಎಲ್ಲರೂ ಕೇಳಿದ್ರು. ಸತ್ತೇಹೋದ್ರೇನೋ ಅಂತ ಎರಡು ಸಲ ಮೂಗಿಗೆ ಕೈಯಿಟ್ಟು ನೋಡ್ದೆ."

ಮಾವ ಮರದ ಕೆಳಗಿಂದ ನನಗೆ ಹೇಳಿದರು: "ನಿಮ್ಮಮ್ಮಂಗೆ ಹೇಳಪ್ಪ, ಭಾವನ ಬೈಬೇಡ ಅಂತ. ತಪ್ಪು ನಂದು. ಅವರ ಬೇರು ನಾನೇ ಕಳ್ಸಿದ್ದು."

"ನಿಮ್ಮಾವಂಗೆ ಹೇಳು," ಅಂದಳು ಅಮ್ಮ, ಹತ್ತು ಮಾರು ದೂರದಿಂದ, "ತಪ್ಪಲ್ಲ ಅದು. ಅಣ್ಣ ಮರ್ಯಾದೆ ನೋಡಿ ಕಳ್ಸಿರಲಿಲ್ಲ ಅಂದಿದ್ರೆ ಹನ್ನೆರಡು ಮನೆ ಗಂಡಸರೂ ಶುಕ್ರವಾರ ಮಲಗ್ತಿದ್ರು."

ಅದು ನಿಜವಾಗಿತ್ತು. ಮಾವ ತಮ್ಮದೇ ಬೇರು ಕಳಿಸಿದ್ದರೆ ನಾನು ಕಾಗದ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ. ಅದರ ಜೊತೆ ಅಪ್ಪನ ನಲವತ್ತು ಕಡ್ಡಿಗಳೂ ಊರಿನ ತುಂಬ ಹರಡುತ್ತಿದ್ದವು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅಪ್ಪ ಮಾತ್ರ ನಗಲಿಲ್ಲ. ತುರಿಮಣೆ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡ.

"ನನ್ನ ತೋಟದಲ್ಲಿ ಇರೋದೆಲ್ಲ ಭಾವ ಕೊಟ್ಟಿದ್ದು," ಅಂದ ಮೆಲ್ಲಗೆ. "ಗೆಡ್ಡೆ, ಬಾಳೆ, ಕಾವಾ, ಎಲ್ಲಾ. ಅದೊಂದು ಗಿಡ ಮಾತ್ರ ಆ ಚಂಡಮಾರುತಕ್ಕೆ ಗುಡ್ಡ ಕುಸಿದಾಗ ಮೇಲಿಂದ ಜಾರಿ ಬಂದು ಹೊಳೆ ಹತ್ರ ನಿಂತಿತ್ತು. ಯಾರದೂ ಅಲ್ಲ. ನನ್ನದು ಅಂತ ಇದ್ದಿದ್ದು ಅದೊಂದೇ."

ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ಮಾವ ನೆಲ ನೋಡುತ್ತಾ ಕೂತಿದ್ದರು.

*

ಅಜ್ಜನ ಕಾವಾದ ಬೇರನ್ನು ಈ ಸಲ ನಾನೇ ಕಿತ್ತೆ. ನಾಲ್ಕು ಗಿಡದಿಂದ ಒಂದೊಂದು ಎಳೆ, ಒಟ್ಟು ಒಂದು ಹಿಡಿ. ಮಾವ ನೋಡುತ್ತಾ ನಿಂತಿದ್ದರು, ಇಷ್ಟು ಚೂರನ್ನು ಸರ್ಕಾರಕ್ಕೆ ಹೇಗೆ ಕೊಡುವುದು, ನಾಚಿಕೆ ಆಗಲ್ವಾ ಅಂತ. ಚಾವಣಿಯ ತಗಡಿನ ಮೇಲೆ ಎರಡು ದಿನ ಒಣಗಿಸಿದೆ. ಬಿಸಿಲು ಚೆನ್ನಾಗಿತ್ತು.

ವಿಲಾದವರೆಗೆ ಕಾಯುವಷ್ಟು ತಾಳ್ಮೆ ನನಗೇ ಇರಲಿಲ್ಲ. ಬಣ್ಣವನ್ನಾದರೂ ನೋಡಬೇಕಿತ್ತು. ಅಸಿಟೋನ್ ಎಲ್ಲಿ ಸಿಗುತ್ತದೆ? ತಂಗಿ ಜಾಸ್ಲಿನ್ ಉಗುರಿನ ಬಣ್ಣ ಅಳಿಸುವ ದ್ರವ ಇಟ್ಟುಕೊಂಡಿದ್ದಳು, ಬಾಟಲಿಯ ಮೇಲೆ ನೋಡಿದ್ದೆ, ಅದು ಬಹುಪಾಲು ಅಸಿಟೋನೇ. ಆದರೆ ಅವಳ ಹತ್ತಿರ ನಾನು ಕೇಳುವ ಹಾಗಿಲ್ಲ.

"ಅಮ್ಮ, ಜಾಸ್ಲಿನ್‌ಗೆ ಹೇಳು, ಆ ಬಾಟಲಿ ಬೇಕಿತ್ತು ಅಂತ."

ಎರಡು ಹೆಜ್ಜೆ ಆಚೆ ಬೆನ್ನು ಮಾಡಿ ಕೂತಿದ್ದ ಜಾಸ್ಲಿನ್ ಅಂದಳು: "ಅಮ್ಮ, ಅವನಿಗೆ ಹೇಳು, ಅಷ್ಟು ದೂರದಿಂದ ವಿಜ್ಞಾನಿ ಅಂತ ಬಂದು ನನ್ನ ಉಗುರಿಗೆ ಕೈಹಾಕಿದಾನಲ್ಲ, ಖಾಲಿಯಾದ್ರೆ ವಿಲಾದಿಂದ ಎರಡು ತಂದ್ಕೊಡ್ಬೇಕು."

"ಮೂರು ತರ್ತೀನಿ ಅಂತ ಹೇಳಮ್ಮ."

"ಕೆಂಪು ಬಣ್ಣದ್ದೂ ಒಂದು ಅಂತ ಹೇಳು."

"ಇಬ್ರೂ ನನ್ನ ಬಾಯನ್ನ ಬಾಡಿಗೆಗೆ ತಗೊಂಡಿದೀರಾ?" ಅಂದಳು ಅಮ್ಮ.

ಜಾಮ್ ಬಾಟಲಿಯಲ್ಲಿ ಪುಡಿ ಹಾಕಿ ಸುರಿದೆ. ಅಪ್ಪ, ಮಾವ, ಬೆನ್ನು ಮಾಡಿಕೊಂಡೇ ಕನ್ನಡಿಯಲ್ಲಿ ನೋಡುತ್ತಿದ್ದ ಜಾಸ್ಲಿನ್, ಬಾಗಿಲ ಸಂದಿನಿಂದ ಅಮ್ಮ. ಹದಿನೈದು ನಿಮಿಷ ಯಾರೂ ಉಸಿರು ಜೋರಾಗಿ ಬಿಡಲಿಲ್ಲ. ಪುಡಿ ತಳಕ್ಕೆ ಕೂತಿತು. ಮೇಲಿನ ದ್ರವ ಬಿಸಿಲಿಗೆ ಹಿಡಿದಾಗ ಹಳದಿ, ಮಾಗಿದ ನಿಂಬೆಯ ಸಿಪ್ಪೆಯಂಥ ಹಳದಿ.

"ಆಯ್ತಾ?" ಅಂದರು ಮಾವ.

"ಇದು ಸುಳಿವು ಮಾವ. ಸಾಲು ಏನು ಅಂತ ಯಂತ್ರಾನೇ ಹೇಳ್ಬೇಕು. ನಾನು ಫೋನ್ ಮಾಡೋ ತನಕ ಕಡೀಬೇಡಿ."

"ಸೋಮವಾರ ಅಂತ ಎಲ್ಲರಿಗೂ ಹೇಳಿದೀನಿ."

"ಗುರುವಾರದ ತನಕ ಕಾಯಿರಿ."

ಅವರು ಯೋಚಿಸಿದರು. "ಐವತ್ತು ವರ್ಷ ಕಾದಿದೆ ಗಿಡ. ಮೂರು ದಿನ ಕಾಯುತ್ತೆ."

ಶುಕ್ರವಾರ ಬೆಳಿಗ್ಗೆ ಎದ್ದಾಗ ಅಪ್ಪ ಮನೆಯಲ್ಲಿರಲಿಲ್ಲ. ಹೊಳೆ ದಂಡೆಗೆ ಹೋದೆ. ನಲವತ್ತು ಕಡ್ಡಿಗಳನ್ನು ಒಂದೊಂದಾಗಿ ಕೀಳುತ್ತಿದ್ದ. ಕೆಲವಕ್ಕೆ ಆಗಲೇ ಚಿಗುರು ಬಂದಿತ್ತು, ಬೆರಳುಗುರಿನಷ್ಟು ಎಲೆ. ನಾನೂ ಇನ್ನೊಂದು ತುದಿಯಿಂದ ಶುರುಮಾಡಿದೆ. ಮಧ್ಯದಲ್ಲಿ ಸಂಧಿಸಿದಾಗ ಒಂದೇ ಉಳಿದಿತ್ತು.

ಅಪ್ಪ ಅದನ್ನು ನೋಡಿದ. ನನ್ನನ್ನು ನೋಡಿದ.

"ಇದೊಂದನ್ನ ಹಂದಿ ಬೇಲಿ ಪಕ್ಕ ಹಾಕ್ಕೋತೀನಿ. ಯಾರಿಗೂ ಕೊಡಲ್ಲ. ವಯಸ್ಸಾದೋರಿಗೆ ನಿದ್ದೆ ಬರದೇ ಇದ್ರೆ ಔಷಧಿಗೆ."

"ಬೇಲಿ ಮೊದಲು ಕಟ್ಟು ಅಂತಾಳೆ ಅಮ್ಮ."

"ಕಟ್ತೀನಿ," ಅಂದ. ಸ್ವಲ್ಪ ನಕ್ಕ. ಅದನ್ನು ಬುಡದ ಮಣ್ಣಿನ ಸಮೇತ ಎತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡ.

*

ವಿಲಾಕ್ಕೆ ಮರಳಿದೆ, ಬುಧವಾರ ಯಂತ್ರ ಓಡಿತು. ಗುರುವಾರ ನಾಲ್ಕು ಗಂಟೆಗೆ ಮಾವ ಗುಡ್ಡದ ಮೇಲಿನ ಮರದ ಕೆಳಗೆ ನಿಂತಿರುತ್ತೇನೆಂದಿದ್ದರು, ಸಿಗ್ನಲ್ ಗಟ್ಟಿಯಾಗಿ ಸಿಗುವುದು ಅಲ್ಲೇ, ಕೆಳಗೆ ತೋಟದಲ್ಲಿ ಬಂದರೆ ಬಂತು, ಹೋದರೆ ಹೋಯಿತು. ನಾನು ಹಾಳೆ ಹಿಡಿದು ಕಿಟಕಿಯ ಪಕ್ಕ ನಿಂತೆ. ಲೇಮಾರಾ ಕೆಲಸ ಇಲ್ಲದಿದ್ದರೂ ಅಲ್ಲೇ ಕುರ್ಚಿ ಎಳೆದುಕೊಂಡಳು.

ಮೊದಲ ಸಲದಲ್ಲೇ ಫೋನು ಎತ್ತಿದರು. ಹಿಂದೆ ಗಾಳಿ, ಒಂದು ಕೋಳಿ, ತುಂಬ ಜನರ ಕಾಲಿನ ಸದ್ದು. ಹನ್ನೆರಡು ಮನೆಯವರೂ ಗುಡ್ಡ ಹತ್ತಿದ್ದರು ಅನ್ನುವುದು ಗೊತ್ತಾಯಿತು.

ಮಾವ ಹೇಗಿದ್ದೀಯಾ ಅನ್ನಲಿಲ್ಲ. "ಮೊದಲ ಚಿಪ್ಪು ಯಾರಿಗೆ?" ಅಂದರು.

"ನಾಲ್ಕಕ್ಕೆ."

"ಎರಡನೇದು?"

"ಎರಡಕ್ಕೆ."

"ಐದು ಎಲ್ಲಿದಾನೆ?"

"ಐದನೇ ಚಿಪ್ಪಿಗೆ ಕಾಯ್ತಾ ಕೂತಿದಾನೆ. 423651, ಮಾವ. ಒಳ್ಳೇ ಕಾವಾ."

ಆ ಕಡೆ ಏನೂ ಕೇಳಿಸಲಿಲ್ಲ. ಲೈನು ಕಡಿಯಿತೇನೋ ಎಂದು ಪರದೆ ನೋಡಿದೆ, ಕಡಿದಿರಲಿಲ್ಲ. ಗಾಳಿ ಬೀಸುತ್ತಲೇ ಇತ್ತು. ಅಷ್ಟು ಜನ ಒಟ್ಟಿಗೆ ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಫೋನಿನ ಮೂಲಕವೂ ಅದು ಬೆಚ್ಚಗೇ ಇತ್ತು.

ಆಮೇಲೆ ಮಾವ ಫೋನನ್ನು ಬಾಯಿಂದ ದೂರ ಮಾಡಿ ಯಾರಿಗೋ ಏನೋ ಹೇಳಿದರು. ಕತ್ತಿ ಗೆಣ್ಣಿಗೆ ಬಿದ್ದ ಚಕ್ ಅನ್ನುವ ಸದ್ದು ಕೇಳಿಸಿತು. ಕಡ್ಡಿ ಕಡಿಯುವುದು ತೋಟದಲ್ಲಿ, ಫೋನು ಇರುವುದು ಗುಡ್ಡದ ಮೇಲೆ. ಒಂದು ಕಾಂಡವನ್ನು ಅಲ್ಲಿಗೇ ಹೊತ್ತು ತಂದಿದ್ದರು ಅಂದರೆ ಇದನ್ನು ಮೊದಲೇ ಯೋಚಿಸಿಟ್ಟುಕೊಂಡಿದ್ದರು.

"ಭಾವ, ಬನ್ನಿ ಇಲ್ಲಿ," ಅನ್ನುವುದು ಕೇಳಿಸಿತು. "ಮೊದಲ ಕಡ್ಡಿ ನಿಮಗೆ. ನಿಮ್ಮ ಬೇರು ವಿಲಾಕ್ಕೆ ಹೋಗದೇ ಇದ್ದಿದ್ರೆ ನಮಗೆ ಇದು ಗೊತ್ತಾಗ್ತಿರಲಿಲ್ಲ. ಹೊಳೆ ದಂಡೆ ನಿಮ್ಮದು. ಅಲ್ಲಿ ಬೆಳೆದಿದ್ದು ಫಿಲೆಮನ್ ಕಾವಾ ಅಂತ್ಲೇ ಕರೀತೀವಿ, ಎಲ್ಲರೂ ಕೇಳಿಸ್ಕೊಳ್ಳಿ."

ತುಂಬ ಹೊತ್ತಿನ ಮೇಲೆ ಅಪ್ಪನ ದನಿ ಬಂತು, ಫೋನಿಗೆ ತೀರ ಹತ್ತಿರ, ಸ್ವಲ್ಪ ಒಡೆದ ದನಿ.

"ಪ್ಯಾಟಿಸನ್."

"ಹೇಳಪ್ಪ."

"ನನ್ನ ಇನ್ನೊಂದಕ್ಕೂ ಒಂದು ಕಾಗದ ಕಳ್ಸೋ. ಹಂದಿ ಬೇಲಿ ಪಕ್ಕದ್ದಕ್ಕೆ. ಎರಡು ದಿನ ಮಲಗಬಹುದು ಅಂತ ಸರ್ಕಾರದ ಮೊಹರು ಇದ್ರೆ ನಿಮ್ಮಮ್ಮನ ಕೈಲಿ ಕೊಡ್ತೀನಿ."

ಹಿಂದಿನಿಂದ ಅಮ್ಮ ಏನೋ ಕೂಗಿದಳು. ನಗು ಗುಡ್ಡದ ತುಂಬ ಹರಡಿ, ಆಮೇಲೆ ಕಾಲುಗಳ ಸದ್ದು ಇಳಿಜಾರಿನ ಕಡೆ ಹೊರಟಿತು, ತೋಟದ ಕಡೆ. ಫೋನನ್ನು ಯಾರೂ ಆರಿಸಲಿಲ್ಲ. ಮಾವ ಅದನ್ನು ಅಪ್ಪನ ಕೈಯಿಂದ ತೆಗೆದುಕೊಂಡು ಜೇಬಿಗೆ ಹಾಕಿಕೊಂಡಿರಬೇಕು. ನಾನು ಕಿವಿಗಿಟ್ಟುಕೊಂಡೇ ನಿಂತೆ. ಬಟ್ಟೆ ಉಜ್ಜುವ ಸದ್ದು, ಅವರ ಉಸಿರು, ನಡುನಡುವೆ ಒಂದೊಂದು ಹಕ್ಕಿ.

ಲೇಮಾರಾ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿದಳು. "ಹಂದಿ ಯಾವಾಗ ಬರುತ್ತೆ ಅಂತ ಕೇಳ್ದೆಯಾ?" ಅಂದಳು.

ತುಟಿಯ ಮೇಲೆ ಬೆರಳಿಟ್ಟೆ. ಅವಳು ಫೋನಿಗೆ ಕಿವಿಗೊಟ್ಟಳು, ಆಮೇಲೆ ಅವಳೂ ಸುಮ್ಮನಾದಳು. ದೂರದಲ್ಲಿ, ಜೇಬಿನ ಬಟ್ಟೆಯ ಆಚೆ, ಕತ್ತಿಗಳು ಶುರುವಾದವು.